ಎಣ್ಣೇಮರದ ಕಾಯಿಯೂ ನಮ್ಮ ನೆಲ್ಲಿಕಾಯಿಯೂ

ಸತ್ಯವೇದವನ್ನು ಓದುವವರಿಗೂ ಓದಿಸಿ ಕೇಳುವವರಿಗೂ ಎಣ್ಣೇಮರದ ಹೆಸರು ಹೊಸದಲ್ಲ. ನೋಹನ ಪಾರಿವಾಳವು ಕಚ್ಚಿಕೊಂಡು ಬಂದದ್ದು ಆ ಮರದ ಎಲೆಯನ್ನು. ಯೆರೂಸಲೇಮಿಗೆ ಎದುರಾಗಿರುವ ಗುಡ್ಡಕ್ಕೆ ಆ ಮರದಿಂದಲೇ ಹೆಸರು ಬಂತು. ಗೆತ್ಸೇಮನೆ ಎಂಬ ಮಾತಿಗೆ ಎಣ್ಣೆಯ ಗಾಣವೆಂದರ್ಥ. ಆದರೂ ನಮ್ಮ ಕಮಲಾಪುರ, ಹೊಸಪೇಟೆ, ಕಂಪ್ಲಿ, ಸಂಡೂರು ಸೀಮೆಯ ಹಳ್ಳಿಗಳಲ್ಲಿ ಆ ಕಾಯನ್ನು ಮರದಿಂದ ಕಿತ್ತು ನೋಡಿದವರು ಯಾರಿದ್ದಾರೆ? ಆ ಮರವು ಹೂ ಬಿಡಬೇಕಾದರೆ ಚಳಿಗಾಲದಲ್ಲಿ ಒಳ್ಳೇ ಚಳಿ ಬೇಕು. ರಾಜಸ್ಥಾನದಲ್ಲಿ ೨೦೦೭ರಿಂದ ಈಚೆಗೆ ಇಸ್ರಾಯೇಲ್ ದೇಶದ ಪರಿಣತರ ಸಹಾಯದಿಂದ ಅದನ್ನು ನೆಟ್ಟು ಬೆಳಸಿದ್ದುಂಟು. ನಮ್ಮ ಬಿಸಿಲುಸೀಮೆಯಲ್ಲಿ ಸಸಿ ಬದುಕಿದರೂ ಫಲವನ್ನು ನಿರೀಕ್ಷಿಸುವ ಹಾಗಿಲ್ಲ.

ಒಂದು ಸಾರಿ ಹಳ್ಳಿಯ ಮನೆಯೊಂದರ ಜಗಲಿಯ ಮೇಲೆ ಈ ಮರದ ಮಾತು ಬಂದಾಗ ವೃದ್ಧರಾದ ಒಬ್ಬ ತಾಯಿಯವರು, "ಅಯ್ಯನವರೇ, ಆ ಕಾಯನ್ನು ಕಿತ್ತಕೂಡಲೇ ತಿನ್ನುತ್ತಾರೋ?" ಎಂದು ಕೇಳಿದರು.

"ಇಲ್ಲವ್ವಾ, ಹಸಿಯ ಕಾಯಿ ಬಾಯಲ್ಲಿ ಇಡಲಾಗದಷ್ಟು ಕಹಿ. ಬಹು ದಿವಸ ನೀರಿನಲ್ಲಿಯೂ ಉಪ್ಪಿನಲ್ಲಿಯೂ ಇಟ್ಟಮೇಲೆ ತಿನ್ನುತ್ತಾರೆ" ಎಂದೆನು.

ಅವರು ನಕ್ಕು, "ಹಾಗಾದರೆ ಅದು ನಮ್ಮ ನೆಲ್ಲಿಕಾಯಿಯ ಅಣ್ಣನೇ ಸರಿ" ಎಂದರು.

ಆ ಮಾತು ಅರ್ಧ ಸರಿ, ಅರ್ಧ ಸರಿಯಲ್ಲ. ಎಷ್ಟು ಸರಿ, ಎಷ್ಟು ಸರಿಯಲ್ಲ ಎಂಬದನ್ನು ತಿಳಿದುಕೊಂಡರೆ ನಮ್ಮ ಮನೆಯ ಭರಣಿಯೂ ಕೆಡುವದಿಲ್ಲ, ಕಾಯಿಯ ಗುಣವೂ ಚರಂಡಿಯ ಪಾಲಾಗುವದಿಲ್ಲ. ಆದಕಾರಣ ಈ ಪಾಠದಲ್ಲಿ ಮೊದಲು ಆ ದೂರದೇಶದ ಕಾಯನ್ನು ಹೇಗೆ ಹದಮಾಡುತ್ತಾರೆಂದೂ ಆಮೇಲೆ ನಮ್ಮ ನೆಲ್ಲಿಕಾಯನ್ನು ಉಪ್ಪುನೀರಿನಲ್ಲಿ ಇಡುವ ಕ್ರಮವೇನೆಂದೂ ವಿವರಿಸುತ್ತೇವೆ.

ಎಣ್ಣೇಮರದ ಕಾಯಿಯ ಕಹಿಗೆ ಕಾರಣವು ಅದರ ತಿರುಳಿನಲ್ಲಿರುವ ಒಲಿಯುರೋಪಿನ್ ಎಂಬ ಪದಾರ್ಥ. ಇದು ನೀರಿನಲ್ಲಿ ಮೆಲ್ಲಗೆ ಕರಗುವಂಥಾದ್ದು. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ದೇಶಗಳ ಹೆಂಗಸರು ಇದನ್ನು ತೆಗೆಯುವದಕ್ಕೆ ಹಲವು ಉಪಾಯಗಳನ್ನು ಬಲ್ಲರು. ಹಸುರು ಕಾಯನ್ನು ಕಲ್ಲಿನಿಂದ ಮೆಲ್ಲಗೆ ಜಜ್ಜಿ, ಅಥವಾ ಚಾಕುವಿನಿಂದ ಗೀರಿ, ತಣ್ಣೀರಿನಲ್ಲಿ ಹಾಕಿ ಪ್ರತಿದಿನವೂ ಆ ನೀರನ್ನು ಚೆಲ್ಲಿ ಹೊಸ ನೀರನ್ನು ತುಂಬುತ್ತಾರೆ. ಹೀಗೆ ವಾರವೋ ಹತ್ತು ದಿವಸವೋ, ಕೆಲವು ಜಾತಿಗಳಿಗೆ ಇನ್ನೂ ಹೆಚ್ಚಾಗಿಯೋ ಮಾಡಿದ ಮೇಲೆ ಉಪ್ಪುನೀರಿಗೆ ಹಾಕುತ್ತಾರೆ. ಜಜ್ಜದೆ ಇಡಿಯ ಕಾಯನ್ನೇ ಉಪ್ಪುನೀರಿನಲ್ಲಿ ಇಡುವದಾದರೆ ಕಹಿ ಇಳಿಯುವದಕ್ಕೆ ಅನೇಕ ತಿಂಗಳು ಹಿಡಿಯುತ್ತದೆ. ಹಣ್ಣಾಗಿ ಕಪ್ಪಾದವುಗಳನ್ನು ಬರೀ ಉಪ್ಪಿನಲ್ಲಿ ಹೂತಿಟ್ಟು ಸುಕ್ಕುಮಾಡುವದೂ ಉಂಟು. ಕಾರ್ಖಾನೆಗಳವರು ಮಾತ್ರ ಅವಸರದವರಾದ ಕಾರಣ ಕಾಸ್ಟಿಕ್ ಸೋಡದ ನೀರಿನಲ್ಲಿ ಕೆಲವು ತಾಸು ನೆನಸಿ, ಆ ಕ್ಷಾರವು ತಿರುಳಿನ ಮೂರರಲ್ಲಿ ಎರಡು ಪಾಲಿನ ತನಕ ಇಳಿದಾಗ ತೆಗೆದು ತೊಳೆಯುತ್ತಾರೆ. ಅದು ಸಾಬೂನು ಮಾಡುವ ತೀಕ್ಷ್ಣ ಕ್ಷಾರ. ಕಣ್ಣಿಗೆ ಸಿಡಿದರೆ ಕಣ್ಣು ಹೋದೀತು. ಮಕ್ಕಳು ಓಡಾಡುವ ಅಡಿಗೇಮನೆಗೆ ಅದು ತಕ್ಕದ್ದಲ್ಲ.

ಈ ವಿದ್ಯೆಯು ಬಹಳ ಹಳೆಯದು. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿದ್ದ ಕೊಲುಮೆಲ್ಲಾ ಎಂಬ ರೋಮನ್ ಗ್ರಂಥಕಾರನು ಬೇಸಾಯದ ವಿಷಯವಾಗಿ ಬರೆದ ಹನ್ನೆರಡು ಪುಸ್ತಕಗಳ ಕಡೆಯದರಲ್ಲಿ ಈ ಕಾಯನ್ನು ಉಪ್ಪುನೀರಿನಲ್ಲಿಯೂ ಕಾಡಿಯಲ್ಲಿಯೂ ಹಾಕಿಡುವ ಕ್ರಮಗಳನ್ನು ಹೇಳಿದ್ದಾನೆ. ನಮ್ಮಲ್ಲಿ ಅತ್ತೆಯು ಸೊಸೆಗೆ ಹೇಳಿಕೊಡುವಂತೆಯೇ ಆತನು ಭರಣಿ ತೊಳೆಯುವದರಿಂದ ಆರಂಭಿಸಿ ಎಲ್ಲವನ್ನೂ ಬಿಡಿಸಿ ಬರೆದದ್ದನ್ನು ನೋಡಿದರೆ, ಅಡಿಗೇಮನೆಯ ಕಾರ್ಯವು ಪಂಡಿತರ ಲೇಖನಿಗೆ ತಕ್ಕದ್ದಲ್ಲವೆಂದು ಅವನು ಎಣಿಸಲಿಲ್ಲವೆಂದು ತೋರುತ್ತದೆ.

ಇನ್ನು ನಮ್ಮ ಸೀಮೆಗೆ ಬರೋಣ. ಈ ನೆಲವು ಹಣ್ಣುಕಾಯಿಗಳಿಗೆ ಬಡದಲ್ಲ. ೧೫೨೦ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ತುಗಲ್ ದೇಶದ ದೊಮಿಂಗೊ ಪಾಯಿಸನು ಇಲ್ಲಿಯ ಪೇಟೆಗಳಲ್ಲಿ ನಿಂಬೆ, ಕಿತ್ತಳೆ, ದಾಳಿಂಬೆ, ಹಲಸು, ಮಾವುಗಳು ಹೇರಳವಾಗಿ ಅಗ್ಗದಲ್ಲಿ ದೊರೆಯುತ್ತಿದ್ದವೆಂದು ಬರೆದಿಟ್ಟಿದ್ದಾನೆ. ಅರಸರ ಕಾಲದ ಕಾಲುವೆಗಳ ನೀರು ಇಂದಿಗೂ ಕಮಲಾಪುರದ ಕೆರೆಗೂ ಬಾಳೇತೋಟಗಳಿಗೂ ಹರಿಯುತ್ತದೆ. ನೆಲ್ಲಿಯಾದರೋ ಕಾಲುವೆಯ ನೀರನ್ನು ಬೇಡದ ಮರ. ಸಂಡೂರಿನ ಬೆಟ್ಟಗಳ ಇಳುಕಲುಗಳಲ್ಲಿ, ಕಬ್ಬಿಣದ ಅದಿರಿನ ಕೆಂಪು ಮಣ್ಣಿನಲ್ಲಿಯೂ ತಾನಾಗಿಯೇ ಬೆಳೆಯುತ್ತದೆ. ಕಾರ್ತಿಕದಿಂದ ಮಾಘದ ತನಕ ಕಾಯಿ ಸಿಕ್ಕುತ್ತದೆ. ಕಾಡಿನ ನೆಲ್ಲಿಯು ಗೋಲಿಯಷ್ಟು ಚಿಕ್ಕದು, ಒಗರು ಹೆಚ್ಚು, ನಾರೂ ಹೆಚ್ಚು. ಸಂತೆಗೆ ಬರುವ ದಪ್ಪ ಕಾಯಿಯು ಬನಾರಸಿ, ಚಕೈಯಾ ಮುಂತಾದ ಉತ್ತರದೇಶದ ತಳಿಗಳನ್ನು ತೋಟದಲ್ಲಿ ಬೆಳಸಿದ್ದು. ಉಪ್ಪುನೀರಿಗೆ ಎರಡೂ ಆಗುತ್ತವೆ. ಬರೆಯುವವನ ರುಚಿಗೆ ಕಾಡಿನದೇ ಮೇಲು.

ಹೀಗೆ ಚಳಿಗಾಲದಲ್ಲಿ ರಾಶಿಯಾಗಿ ಬಂದದ್ದು ಚೈತ್ರ ವೈಶಾಖಗಳಲ್ಲಿ ಒಂದೂ ಇರುವದಿಲ್ಲ. ಆ ಬಿರುಬೇಸಿಗೆಯಲ್ಲಿಯೇ ಬಾವಿಗಳ ನೀರು ಇಳಿದು, ಹಿತ್ತಲಿನ ಸೊಪ್ಪು ಒಣಗಿ, ಕೂಲಿಯವರ ಮನೆಗಳಲ್ಲಿ ಜೋಳದ ರೊಟ್ಟಿಗೆ ಉಪ್ಪು ಮೆಣಸಿನಕಾಯಿಯ ಹೊರತು ಬೇರೆ ಏನೂ ಇಲ್ಲದ ದಿವಸಗಳು ಬರುವವು. ಆದಕಾರಣ ಒಂದು ಭರಣಿ ನೆಲ್ಲಿಕಾಯಿ ಇರುವದೂ ಇಲ್ಲದಿರುವದೂ ಬಡವರ ಮನೆಯಲ್ಲಿ ಚಿಕ್ಕ ಸಂಗತಿಯಲ್ಲ.

ಈಗ ಬರೆಯುವವನು ತನ್ನ ಅವಿವೇಕವನ್ನು ಮರೆಮಾಡದೆ ಹೇಳಬೇಕು. ಮೊದಲನೆಯ ವರುಷ ಐದು ಕಿಲೋ ಕಾಯನ್ನು ಕೊಂಡುತಂದು, ಪುಸ್ತಕದಲ್ಲಿ ಎಣ್ಣೇಮರದ ಕಾಯಿಯ ವಿಷಯವಾಗಿ ಓದಿದಂತೆ ಪ್ರತಿದಿನವೂ ನೀರು ಬದಲಾಯಿಸುತ್ತಾ ಎಂಟು ದಿವಸ ನೆನಸಿದೆನು. ಆಮೇಲೆ ಒಂದು ಲೀಟರ್ ನೀರಿಗೆ ನೂರು ಗ್ರಾಂ ಉಪ್ಪಿನಂತೆ ಕರಗಿಸಿ, ನಾಲಿಗೆಗೆ ಹಚ್ಚಿ ನೋಡಿ, "ಸಾಕಷ್ಟು ಉಪ್ಪಾಯಿತು" ಎಂದು ಸಂತೋಷಪಟ್ಟು ಕಾಯಿಯ ಮೇಲೆ ಸುರಿದೆನು. ಮೇಲಿನ ಕಾಯಿಗಳು ನೀರಿನಿಂದ ಹೊರಗೆ ತಲೆಯೆತ್ತಿದ್ದನ್ನು ಕಂಡೂ ಕಾಣದವನಂತಿದ್ದೆನು. ಮೂರು ವಾರಗಳಲ್ಲಿ ಮೇಲೆಲ್ಲಾ ಹಸುರು ಕಪ್ಪು ಬೂಷ್ಟು. ಕೆಳಗಿನವು ಮೆತ್ತಗಾಗಿ ಕೆಟ್ಟ ವಾಸನೆ ಹೊಡೆಯುತ್ತಿದ್ದವು. ಐದು ಕಿಲೋವೂ ತಿಪ್ಪೆಗೆ ಹೋಯಿತು. ಅದೇ ವಾರದಲ್ಲಿ ತಂದ ಕಾಯನ್ನು ಮೇಲೆ ಹೇಳಿದ ಆ ತಾಯಿಯವರೂ ಹಾಕಿಟ್ಟಿದ್ದರು. ಅವರ ಭರಣಿಯ ಕಾಯಿ ಯುಗಾದಿಯ ವೇಳೆಗೂ ಗಟ್ಟಿಯಾಗಿ ಪರಿಮಳವಾಗಿ ಇತ್ತು. ನನ್ನ ಭರಣಿಯ ಕಥೆಯನ್ನು ಕೇಳಿ ಅವರು ಹೇಳಿದ್ದು ಒಂದೇ ಮಾತು: "ಅಯ್ಯನವರೇ, ನೀವು ನೀರಿಗೆ ಉಪ್ಪು ಹಾಕಿದಿರಿ, ಕಾಯಿಗೆ ಹಾಕಲಿಲ್ಲ."

ಈ ಮಾತಿನಲ್ಲಿ ಪಾಠವೆಲ್ಲಾ ಅಡಗಿದೆ. ಹೇಗಂದರೆ, ಹಸಿಯ ನೆಲ್ಲಿಕಾಯಿಯಲ್ಲಿ ನೂರಕ್ಕೆ ಎಂಭತ್ತು ಪಾಲು ನೀರೇ. ಅದನ್ನು ಉಪ್ಪುನೀರಿನಲ್ಲಿ ಮುಳುಗಿಸಿದಾಗ ಉಪ್ಪು ಕಾಯಿಯ ಒಳಗಿನ ನೀರನ್ನು ಹೊರಗೆ ಎಳೆಯುತ್ತದೆ, ಹೊರಗಿನ ಉಪ್ಪು ಮೆಲ್ಲಗೆ ಒಳಗೆ ಹೋಗುತ್ತದೆ; ಒಳಗೂ ಹೊರಗೂ ಒಂದೇ ಸಮವಾಗುವ ತನಕ ಈ ಕೊಡುಕೊಳ್ಳುವಿಕೆಯು ನಿಲ್ಲುವದಿಲ್ಲ. ಆದದರಿಂದ ಒಂದು ಲೀಟರ್ ನೀರಿಗೆ ನೂರು ಗ್ರಾಂ ಉಪ್ಪು ಕರಗಿಸಿ ಒಂದು ಕಿಲೋ ಕಾಯಿಯ ಮೇಲೆ ಸುರಿದರೆ, ಕಡೆಯಲ್ಲಿ ಆ ನೀರಿನ ಬಲವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದುಹೋಗುತ್ತದೆ. ಮೊದಲನೆಯ ದಿವಸ ನಾಲಿಗೆಯು ಹೇಳಿದ ಸಾಕ್ಷಿಯು ಇಪ್ಪತ್ತನೆಯ ದಿವಸಕ್ಕೆ ಸುಳ್ಳಾಗುತ್ತದೆ. ಎಣ್ಣೇಮರದ ದೇಶಗಳಲ್ಲಿ ಹಸಿಯ ಕೋಳಿಮೊಟ್ಟೆಯನ್ನು ಉಪ್ಪುನೀರಿಗೆ ಬಿಟ್ಟು, ಅದು ತೇಲಿ ಒಂದು ನಾಣ್ಯದಷ್ಟು ಮೇಲೆ ಕಂಡರೆ ಉಪ್ಪು ಸಾಕೆಂದು ತಿಳಿಯುವ ವಾಡಿಕೆಯುಂಟು. ಆಗ ನೀರಿನಲ್ಲಿ ನೂರಕ್ಕೆ ಹತ್ತು ಹನ್ನೆರಡು ಪಾಲಿನ ಸುಮಾರು ಉಪ್ಪಿರುತ್ತದೆ. ಆದರೆ ಹಳೆಯ ಮೊಟ್ಟೆಯು ಕಡಿಮೆ ಉಪ್ಪಿನಲ್ಲಿಯೂ ತೇಲುವದು. ಮೇಲಾಗಿ ಆ ಪರೀಕ್ಷೆಯೂ ನೀರಿನದೇ, ಕಾಯಿಯದಲ್ಲ. ತಕ್ಕಡಿಯೇ ಮೇಲು.

ಅಳತೆಯು ಹೀಗಿರಲಿ. ಒಂದು ಕಿಲೋ ಕಾಯಿಗೆ ಒಂದು ಲೀಟರ್ ನೀರಾದರೆ ಉಪ್ಪು ೧೬೦ ಗ್ರಾಂ. ಇದು ಎರಡು ಮೂರು ತಿಂಗಳೊಳಗೆ ತಿಂದು ಮುಗಿಸುವದಕ್ಕೆ. ಬೇಸಿಗೆಯನ್ನು ದಾಟಿಸಬೇಕಾದರೆ ೨೦೦ ಗ್ರಾಂ ಹಾಕತಕ್ಕದ್ದು. ಯಾಕಂದರೆ ನಮ್ಮ ಸೀಮೆಯಲ್ಲಿ ಏಪ್ರಿಲ್ ಮೇ ತಿಂಗಳುಗಳ ಬಿಸಿಲು ೪೦ ಡಿಗ್ರಿಯನ್ನು ಮೀರುವದು ವಾಡಿಕೆ, ಅಂಥಾ ಸೆಕೆಯಲ್ಲಿ ಕಡಿಮೆ ಉಪ್ಪಿನ ಕಾಯಿ ಬೇಗ ಮೆತ್ತಗಾಗುತ್ತದೆ. ಉಪ್ಪನ್ನು ಲೋಟದಿಂದಾಗಲಿ ಪಾವಿನಿಂದಾಗಲಿ ಅಳೆಯಬಾರದು. ಕಲ್ಲುಪ್ಪಿನ ಹರಳುಗಳ ನಡುವೆ ಸಂದು ಹೆಚ್ಚಾದ ಕಾರಣ ಒಂದು ಪಾವು ಕಲ್ಲುಪ್ಪೂ ಒಂದು ಪಾವು ಪುಡಿಯುಪ್ಪೂ ತೂಕದಲ್ಲಿ ಸಮವಲ್ಲ. ಮನೆಯಲ್ಲಿ ತಕ್ಕಡಿಯಿಲ್ಲದವರು ಕಿರಾಣಿ ಅಂಗಡಿಯಲ್ಲಿ ಕಾಯನ್ನೂ ಉಪ್ಪನ್ನೂ ಒಟ್ಟಿಗೆ ತೂಗಿಸಿಕೊಂಡು ಬರಲಿ. ಉಪ್ಪು ಯಾವದು ಎಂದು ಕೇಳಿದರೆ, ಮಣ್ಣಿಲ್ಲದ ಕಲ್ಲುಪ್ಪು ಸಾಕು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪನ್ನು ಕೆಲವರು ಮೆಚ್ಚುತ್ತಾರೆ. ಅದಕ್ಕೆ ಮಣ್ಣಿನ ಬಣ್ಣವಿರುವದರಿಂದ ಕರಗಿಸಿ ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಅಯೋಡಿನ್ ಸೇರಿಸಿದ ಉಪ್ಪಿನಿಂದ ಕೆಡುಕಿಲ್ಲ.

ಕಾಯನ್ನು ಆರಿಸುವಾಗ ಕಲೆ ಬಿದ್ದದ್ದನ್ನೂ ಒಡೆದದ್ದನ್ನೂ ಹುಳು ಹಿಡಿದದ್ದನ್ನೂ ಬೇರೆ ಇಟ್ಟು ಅಂದಿನ ಚಟ್ನಿಗೆ ಬಳಸಿರಿ. ಅವುಗಳಲ್ಲಿ ಒಂದು ಸೇರಿದರೂ ಭರಣಿಯನ್ನೆಲ್ಲಾ ಕೆಡಿಸೀತು. ಒಳ್ಳೇದನ್ನು ಎರಡು ಮೂರು ಸಾರಿ ತೊಳೆದು ಬಟ್ಟೆಯ ಮೇಲೆ ನೆರಳಿನಲ್ಲಿ ಹರಡಿ ಹಸಿ ಆರುವ ತನಕ ಬಿಡಬೇಕು. ನೀರನ್ನು ಕುದಿಸಿ, ಬಿಸಿ ಇರುವಾಗಲೇ ಉಪ್ಪನ್ನು ಕರಗಿಸಿ, ಪೂರ್ಣವಾಗಿ ತಣ್ಣಗಾದ ಮೇಲೆ ಹಾಕತಕ್ಕದ್ದು. ಬಿಸಿನೀರನ್ನು ಸುರಿದರೆ ಬೇಗ ಹದವಾಗುವದು ನಿಜ. ಆದರೆ ತೊಳೆಗಳು ಬಿಡಿಸಿಕೊಂಡು ಕಾಯಿ ಒಡೆಯುತ್ತದೆ, ಗುಣವೂ ಕಡಿಮೆಯಾಗುತ್ತದೆ. ಬೇಕಾದರೆ ಪ್ರತಿ ಕಿಲೋವಿಗೆ ಏಳೆಂಟು ಹಸಿಮೆಣಸಿನಕಾಯಿಯನ್ನೂ ಒಂದು ಚಿಟಿಕೆ ಅರಿಸಿನವನ್ನೂ ಸ್ವಲ್ಪ ಇಂಗನ್ನೂ ಸೇರಿಸಬಹುದು. ಇವು ರುಚಿಗಾಗಿಯೇ ಹೊರತು ಉಪ್ಪಿನ ಬದಲಾಗಿ ಅಲ್ಲ. ಅರಿಸಿನ ಹಾಕಿದೆನೆಂದು ಉಪ್ಪನ್ನು ಕಡಿಮೆಮಾಡಿದವರೂ ಉಂಟು. ಅವರ ಭರಣಿಯ ಗತಿಯು ನನ್ನದರ ಹಾಗೆಯೇ.

ಪಾತ್ರೆಯು ಪಿಂಗಾಣಿಯ ಭರಣಿ ಅಥವಾ ಗಾಜಿನ ಜಾಡಿಯಾಗಿರಬೇಕು. ತಾಮ್ರ, ಹಿತ್ತಾಳೆ, ಅಲ್ಯುಮಿನಿಯಂ ಪಾತ್ರೆಗಳನ್ನು ಹುಳಿಯೂ ಉಪ್ಪೂ ಕೂಡಿ ತಿನ್ನುತ್ತವೆ, ಆ ಲೋಹವು ನಮ್ಮ ಹೊಟ್ಟೆಗೆ ಬರುತ್ತದೆ. ಒಳಗೆ ಹೊಳಪಿನ ಮೆರುಗು ಹಚ್ಚಿದ ಮಣ್ಣಿನ ಪಾತ್ರೆಗಳ ವಿಷಯದಲ್ಲಿಯೂ ಎಚ್ಚರವಿರಲಿ; ಅಂಥಾ ಮೆರುಗಿನಲ್ಲಿ ಸೀಸವಿರಬಹುದು. ಕಾಯಿಯು ನೀರಿನಿಂದ ಹೊರಗೆ ಬಾರದಂತೆ ಒಂದು ಚಿಕ್ಕ ಪಿಂಗಾಣಿ ತಟ್ಟೆಯನ್ನು ಕವಿಚಿ ಅದರ ಮೇಲೆ ಕಲ್ಲನ್ನು ಇಡಬೇಕು. ಕಮಲಾಪುರದವರಿಗೆ ಕಲ್ಲನ್ನು ಎಲ್ಲಿ ಹುಡುಕಬೇಕೆಂದು ಹೇಳಿಕೊಡುವ ಅವಶ್ಯವಿಲ್ಲ. ಆದರೆ ಎಲ್ಲಾ ಕಲ್ಲೂ ಆಗದು. ಸುಣ್ಣದ ಅಂಶವಿರುವ ಕಲ್ಲು ಹುಳಿಯಲ್ಲಿ ಕರಗುತ್ತದೆ. ನಿಂಬೇರಸದ ಒಂದು ಹನಿಯನ್ನು ಬಿಟ್ಟಾಗ ನೊರೆ ಎದ್ದರೆ ಅದನ್ನು ಬಿಟ್ಟು, ನೊರೆಯೇಳದ ಗಟ್ಟಿ ಕಗ್ಗಲ್ಲನ್ನು ತಿಕ್ಕಿ ತೊಳೆದು ನೀರಿನಲ್ಲಿ ಕುದಿಸಿ ಉಪಯೋಗಿಸಿರಿ. ನೀರು ಕಾಯಿಯ ಮೇಲೆ ಎರಡು ಬೆರಳಿನಷ್ಟಾದರೂ ನಿಲ್ಲಬೇಕು. ಬಾಯಿಗೆ ತೆಳುವಾದ ಬಟ್ಟೆ ಕಟ್ಟಿ, ಮುಚ್ಚಳವನ್ನು ಸಡಿಲವಾಗಿ ಇಟ್ಟು, ಬಿಸಿಲು ಬೀಳದ ತಂಪಾದ ಮೂಲೆಯಲ್ಲಿಡಿರಿ. ಮೊದಲ ದಿವಸಗಳಲ್ಲಿ ಗುಳ್ಳೆಗಳು ಏಳಬಹುದು. ಬಿಗಿಯಾಗಿ ಮುಚ್ಚಿದ ಗಾಜಿನ ಜಾಡಿಯು ಆ ಗಾಳಿಗೆ ಒಡೆದುಹೋದೀತು.

ಇನ್ನು ದಿವಸಗಳ ಲೆಕ್ಕ. ಒಂದು ವಾರದೊಳಗೆ ಕಾಯಿಯ ಎಳೇ ಹಸುರು ಮಾಸುತ್ತದೆ. ಇಪ್ಪತ್ತು ಮೂವತ್ತು ದಿವಸಗಳಲ್ಲಿ ಅದು ಹಳದಿಗೂಡಿದ ಕಂದುಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ಸ್ವಲ್ಪ ಪಾರದರ್ಶಕವಾಗಿ ತೋರುತ್ತದೆ. ಬೆರಳುಗಳ ನಡುವೆ ಒತ್ತಿದರೆ ತೊಳೆಗಳು ಬೀಜದಿಂದ ಬಿಡುತ್ತವೆ. ಆಗ ಹದವಾಯಿತೆಂದು ತಿಳಿಯತಕ್ಕದ್ದು. ನೀರಿನ ಮೇಲೆ ಬಿಳೀ ತೆಳು ಕೆನೆ ಕಟ್ಟಿದರೆ ಹೆದರಬೇಕಾದದ್ದಿಲ್ಲ; ಶುಚಿಯಾದ ಒಣ ಚಮಚದಿಂದ ತೆಗೆದುಹಾಕಿ ಕಾಯನ್ನು ಪುನಃ ಮುಳುಗಿಸಿದರಾಯಿತು. ಹಸುರು, ಕಪ್ಪು, ಕೆಂಪು ಬಣ್ಣದ ರೋಮದಂಥಾ ಬೂಷ್ಟು ಬೆಳೆದಿದ್ದರೆ, ಕಾಯಿ ಲೋಳೆಯಾಗಿದ್ದರೆ, ಕೊಳೆತ ವಾಸನೆ ಬಂದರೆ ಎಲ್ಲವನ್ನೂ ಹೂಳಿಬಿಡಬೇಕು. ಮೇಲಿನದನ್ನು ತೆಗೆದು ಕೆಳಗಿನದನ್ನು ತೊಳೆದು ತಿನ್ನುವದು ಉಳಿತಾಯವಲ್ಲ.

ಓದುಗರಲ್ಲಿ ಯಾರಾದರೂ, "ಎಣ್ಣೇಮರದ ಕಾಯಿಯಂತೆ ನೆಲ್ಲಿಕಾಯನ್ನೂ ಮೊದಲು ಹಲವು ದಿವಸ ನೀರು ಬದಲಾಯಿಸಿ ಒಗರು ತೆಗೆದರೆ ಒಳ್ಳೇದಲ್ಲವೇ?" ಎಂದು ಕೇಳಬಹುದು. ನಾನು ಮಾಡಿದ ಮೊದಲನೆಯ ತಪ್ಪು ಅದೇ. ಆ ಕಾಯಿಯಲ್ಲಿ ಹೊರಗೆ ಹೋಗತಕ್ಕದ್ದು ಕಹಿ. ಅದು ಹೋದಷ್ಟೂ ಲಾಭ. ನೆಲ್ಲಿಯಲ್ಲಿಯಾದರೋ ನೀರಿನೊಂದಿಗೆ ಹೊರಟುಹೋಗುವದು ಅದರ ಸಾರವೇ. ನೆಲ್ಲಿಕಾಯಿಯಲ್ಲಿ ಸಿ ಜೀವಸತ್ತ್ವವು ಬಹಳ ಹೆಚ್ಚು. ನೂರು ಗ್ರಾಂ ಕಿತ್ತಳೆಯಲ್ಲಿ ಅದು ಸುಮಾರು ೫೦ ಮಿಲಿಗ್ರಾಂ ಇದ್ದರೆ, ಅಷ್ಟೇ ತೂಕದ ನೆಲ್ಲಿಯಲ್ಲಿ ತಳಿಗೂ ಪರೀಕ್ಷೆಯ ಕ್ರಮಕ್ಕೂ ತಕ್ಕಂತೆ ೨೫೦ರಿಂದ ೬೦೦ ಮಿಲಿಗ್ರಾಂ ತನಕ ಕಂಡುಬಂದಿದೆ. ಈ ಸತ್ತ್ವವು ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಬೆಂಕಿಗೂ ಗಾಳಿಗೂ ನಾಶವಾಗುತ್ತದೆ, ಸುಣ್ಣದ ತಿಳಿಯಂಥಾ ಕ್ಷಾರದಲ್ಲಿ ಇನ್ನೂ ಬೇಗ ಕೆಡುತ್ತದೆ. ಎಂಟು ದಿವಸ ನೀರು ಚೆಲ್ಲಿದವನು ಎಂಟು ದಿವಸ ಔಷಧವನ್ನೇ ಚೆಲ್ಲಿದ ಹಾಗಾಯಿತು. ಒಗರಿಗೆ ಉಪ್ಪು ಮತ್ತು ಕಾಲ, ಇವೆರಡೇ ಸಾಕು.

ಈ ಸತ್ತ್ವವಿಲ್ಲದಿದ್ದರೆ ಏನಾಗುತ್ತದೆಂಬದನ್ನು ಹಡಗಿನವರು ಮೊದಲು ಕಲಿತರು. ತಿಂಗಳುಗಟ್ಟಲೆ ಒಣರೊಟ್ಟಿಯನ್ನೂ ಉಪ್ಪುಮಾಂಸವನ್ನೂ ತಿಂದ ನಾವಿಕರಿಗೆ ಒಸಡು ಬಾತು ರಕ್ತ ಸುರಿದು, ಹಳೆಯ ಗಾಯಗಳು ತೆರೆದು, ಸಾಯುವದು ಸಾಮಾನ್ಯವಾಗಿತ್ತು. ೧೭೪೭ರಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯನು ಸಾಲ್ಸ್‌ಬರಿ ಎಂಬ ಹಡಗಿನಲ್ಲಿ ಹನ್ನೆರಡು ಮಂದಿ ರೋಗಿಗಳನ್ನು ಇಬ್ಬಿಬ್ಬರಾಗಿ ವಿಂಗಡಿಸಿ, ಒಂದೊಂದು ಜೋಡಿಗೆ ಒಂದೊಂದು ಮದ್ದನ್ನು ಕೊಟ್ಟು ನೋಡಿದನು. ಕಿತ್ತಳೆ ನಿಂಬೆಗಳನ್ನು ತಿಂದ ಇಬ್ಬರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. ನಮ್ಮ ದೇಶದಲ್ಲಿಯೇ ೧೯೩೯–೪೦ರಲ್ಲಿ ಈಗಿನ ಹರಿಯಾಣಕ್ಕೆ ಸೇರಿದ ಹಿಸ್ಸಾರ್ ಸೀಮೆಯ ಕ್ಷಾಮದಲ್ಲಿ ಈ ರೋಗವು ತಲೆದೋರಿದಾಗ ನೆಲ್ಲಿಕಾಯಿಯೇ ಮದ್ದಾಯಿತು. ಇಂದು ಆ ರೋಗವು ನಮ್ಮ ಹಳ್ಳಿಗಳಲ್ಲಿ ಅಪರೂಪ. ಆದರೆ ರಕ್ತಹೀನತೆ ಅಪರೂಪವಲ್ಲ: ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ೧೫ರಿಂದ ೪೯ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ೫೭ ಮಂದಿಗೆ ಅದುಂಟು. ಜೋಳ, ಸಜ್ಜೆ, ಬೇಳೆ, ಸೊಪ್ಪುಗಳಲ್ಲಿರುವ ಕಬ್ಬಿಣವು ಶರೀರಕ್ಕೆ ಸುಲಭವಾಗಿ ಹತ್ತುವದಿಲ್ಲ. ಅದೇ ಊಟದ ಸಂಗಡ ಸಿ ಜೀವಸತ್ತ್ವವಿದ್ದರೆ ಹೆಚ್ಚಾಗಿ ಹತ್ತುತ್ತದೆ. ಆದಕಾರಣ ನೆಲ್ಲಿಕಾಯಿಯನ್ನು ಊಟವಾದ ಎಷ್ಟೋ ಹೊತ್ತಿನ ಮೇಲೆ ಬಾಯಿರುಚಿಗೆ ತಿನ್ನುವದಕ್ಕಿಂತ ರೊಟ್ಟಿಯ ಜೊತೆಗೇ ತಿನ್ನುವದು ಮೇಲು. ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಇಟ್ಟ ಕಾಯಿಯಲ್ಲಿ ಹಸಿಯ ಕಾಯಿಯಷ್ಟು ಸತ್ತ್ವವು ಉಳಿಯದೆಂಬದನ್ನು ಒಪ್ಪಿಕೊಳ್ಳಬೇಕು. ಒಂದು ಪಾಲು ಗಾಳಿಗೆ ಹೋಗುತ್ತದೆ, ಒಂದು ಪಾಲು ಆ ನೀರಿನಲ್ಲಿಯೇ ಇರುತ್ತದೆ. ಆದದರಿಂದ ಆ ನೀರನ್ನು ಚೆಲ್ಲದೆ ಮಜ್ಜಿಗೆಗೆ ಉಪ್ಪಿನ ಬದಲಾಗಿ ಒಂದೆರಡು ಚಮಚ ಹಾಕಿಕೊಳ್ಳಿರಿ.

ಒಂದು ಎಚ್ಚರಿಕೆಯ ಮಾತು. ಇಪ್ಪತ್ತು ಗ್ರಾಂ ತಿರುಳಿನ ಒಂದು ಉಪ್ಪು ನೆಲ್ಲಿಕಾಯಿಯಲ್ಲಿ ಒಂದೂವರೆ ಗ್ರಾಮಿನಿಂದ ಎರಡು ಗ್ರಾಂ ಉಪ್ಪಿರುತ್ತದೆ. ದೊಡ್ಡವರು ದಿನಕ್ಕೆ ಎಲ್ಲಾ ಕೂಡಿ ೫ ಗ್ರಾಮಿಗಿಂತ ಕಡಿಮೆ ಉಪ್ಪು ತಿನ್ನತಕ್ಕದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ಹೀಗಿರುವಾಗ ಒಂದು ಹೊತ್ತಿಗೆ ನಾಲ್ಕು ಐದು ಕಾಯಿ ಮೆಲ್ಲುವದು ಔಷಧವಲ್ಲ, ಅಪಾಯ. ರಕ್ತದ ಒತ್ತಡವುಳ್ಳವರೂ ಮೂತ್ರಪಿಂಡದ ಕಾಹಿಲೆಯವರೂ ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಅಂಥವರಿಗೆ ಕಾಲದಲ್ಲಿ ಸಿಕ್ಕುವ ಹಸಿಯ ಕಾಯೇ ಸರಿ. ಮಿಕ್ಕವರು ತಿನ್ನುವದಕ್ಕೆ ಅರ್ಧ ತಾಸು ಮೊದಲು ಕಾಯನ್ನು ಸಿಹಿನೀರಿನಲ್ಲಿ ಹಾಕಿದರೆ ಉಪ್ಪು ಸ್ವಲ್ಪ ಇಳಿಯುತ್ತದೆ.

ಆ ತಾಯಿಯವರು ನೆಲ್ಲಿಗೆ ಅಣ್ಣನೆಂದ ಕಾಯಿಗೂ ನೆಲ್ಲಿಗೂ ಇನ್ನೊಂದು ದೊಡ್ಡ ಭೇದವುಂಟು, ಅದು ಪ್ರಾಣಕ್ಕೆ ಸಂಬಂಧಪಟ್ಟದ್ದು. ಗಾಳಿಯಿಲ್ಲದ ಜಾಗದಲ್ಲಿ, ಹುಳಿ ಕಡಿಮೆಯಾದ ಆಹಾರದಲ್ಲಿ ಬೆಳೆಯುವ ಒಂದು ಸೂಕ್ಷ್ಮಜೀವಿಯುಂಟು. ಅದು ಹುಟ್ಟಿಸುವ ವಿಷವು ನರಗಳನ್ನು ಹಿಡಿದು ಉಸಿರನ್ನು ನಿಲ್ಲಿಸುತ್ತದೆ. ಆ ರೋಗಕ್ಕೆ ಬೊಟ್ಯುಲಿಸಂ ಎನ್ನುತ್ತಾರೆ. ವಿಷವಿದ್ದರೂ ವಾಸನೆಯಿಂದ ತಿಳಿಯಬಹುದೆಂಬ ಭರವಸೆಯಿಲ್ಲ. ಹುಳಿಯನ್ನು ಅಳೆಯುವ ಪಿ.ಎಚ್. ಎಂಬ ಲೆಕ್ಕದಲ್ಲಿ ಅಂಕಿ ಇಳಿದಷ್ಟೂ ಹುಳಿ ಹೆಚ್ಚು, ೪.೬ಕ್ಕಿಂತ ಕೆಳಗೆ ಆ ಜೀವಿಯು ಬೆಳೆಯದು. ಎಣ್ಣೇಮರದ ಕಾಯಿಯಲ್ಲಿ ತನ್ನದಾದ ಹುಳಿ ಅಲ್ಪ. ನಮ್ಮ ಮೊಸರನ್ನು ಹುಳಿಮಾಡುವ ಜೀವಿಗಳ ಜಾತಿಯವೇ ಉಪ್ಪುನೀರಿನಲ್ಲಿ ಬೆಳೆದು ಅದನ್ನು ಹುಳಿಯೇರಿಸಬೇಕು. ಉಪ್ಪು ತಪ್ಪಿದರೆ ಅಥವಾ ಕಾಯಿ ಹುಳಿಯೇರದಿದ್ದರೆ ಅಪಾಯ. ೧೯೧೯ರಲ್ಲಿ ಅಮೇರಿಕಾದ ಒಹಾಯೋ ಪ್ರಾಂತದ ಕ್ಯಾಂಟನ್ ಊರಿನಲ್ಲಿ ಔತಣದಲ್ಲಿ ಬಡಿಸಿದ ಡಬ್ಬಿಯ ಕಪ್ಪು ಕಾಯಿಯಿಂದ ಏಳು ಮಂದಿ ಸತ್ತರು. ೨೦೦೪ರಲ್ಲಿ ಇಟಲಿಯ ಮೊಲೀಸೆ ಪ್ರಾಂತದಲ್ಲಿ ಉಪ್ಪುನೀರಿನಲ್ಲಿ ಹಾಕಿದ ಹಸುರು ಕಾಯಿಯನ್ನು ತಿಂದು ಅನೇಕರು ಅದೇ ರೋಗಕ್ಕೆ ಗುರಿಯಾದರು. ನೆಲ್ಲಿಯ ಪಿ.ಎಚ್. ಸುಮಾರು ೩ ಅಥವಾ ಅದಕ್ಕೂ ಕಡಿಮೆ. ಅದು ತನ್ನ ಹುಳಿಯನ್ನು ತಾನೇ ತಂದಿರುವದರಿಂದ ಈ ಭಯವಿಲ್ಲ. ಹಾಗೆಂದು ಇದೇ ಅಳತೆಯನ್ನು ಹುಳಿಯಿಲ್ಲದ ತರಕಾರಿಗಳಿಗೆ ಹಚ್ಚಿ, ಬೆಳ್ಳುಳ್ಳಿಯನ್ನೋ ಅಣಬೆಯನ್ನೋ ನೀರಿನಲ್ಲಾಗಲಿ ಎಣ್ಣೆಯಲ್ಲಾಗಲಿ ಮುಳುಗಿಸಿ ತಿಂಗಳುಗಟ್ಟಲೆ ಇಡಬಾರದು.

ಮಾವಿನ ಮಿಡಿಯು ನೆಲ್ಲಿಯಂತೆಯೇ ಹುಳಿಯುಳ್ಳದ್ದು. ಸಾಗರ, ಸಿರಸಿ ಸೀಮೆಯವರು ಅಪ್ಪೆಮಿಡಿಯನ್ನು ನೀರು ಹಾಕದೆ ಬರೀ ಉಪ್ಪಿನಲ್ಲಿ ಪದರ ಪದರವಾಗಿ ಇಟ್ಟು, ಅದು ತನ್ನ ನೀರನ್ನೇ ಬಿಟ್ಟು ಸುರುಟಿದ ಮೇಲೆ ಖಾರ ಬೆರಸುತ್ತಾರೆ. ಅಲ್ಲಿಯೂ ಉಪ್ಪು ಕಾಯಿಯ ಲೆಕ್ಕಕ್ಕೇ ಹೊರತು ನೀರಿನ ಲೆಕ್ಕಕ್ಕಲ್ಲ. ಆ ತಾಯಿಯವರು ಸಿರಸಿಯನ್ನು ಕಂಡವರಲ್ಲ. ಆದರೂ ಅವರ ಮಾತು ಅಲ್ಲಿಗೂ ಸಲ್ಲುತ್ತದೆ.

ಕಾಯನ್ನು ಬೆಟ್ಟದಿಂದ ತರುವವರಿಗೆ ಎರಡು ಮಾತು ಹೇಳಬೇಕು. ಕೆಲವರು ಮರ ಹತ್ತುವ ಶ್ರಮಕ್ಕೆ ಬೇಸತ್ತು ಕಾಯಿರುವ ಕೊಂಬೆಯನ್ನೇ ಕಡಿದು ಕೆಳಗೆ ಹಾಕುತ್ತಾರೆ. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಬಹುಕಾಲದಿಂದ ನೆಲ್ಲಿಕಾಯನ್ನು ಕೂಡಿಸಿ ಜೀವಿಸಿದವರು. ಅಲ್ಲಿ ಕಾಯಿ ಕಡಿಮೆಯಾಗುವದಕ್ಕೆ ಕೊಂಬೆ ಕಡಿಯುವದೂ ಮರಗಳಿಗೆ ಬಂದಳಿಕೆ ಹತ್ತುವದೂ ಕಾರಣಗಳೆಂದು ಪರೀಕ್ಷಿಸಿದವರು ಕಂಡಿದ್ದಾರೆ. ಆ ಜನರಿಗೆ ೨೦೧೧ರಲ್ಲಿ ಅರಣ್ಯಹಕ್ಕುಗಳ ಕಾಯಿದೆಯ ಪ್ರಕಾರ ಸಮುದಾಯದ ಹಕ್ಕು ದೊರೆಯಿತು. ನಮ್ಮ ಸೀಮೆಯಲ್ಲಿಯೂ ಕಾದಿಟ್ಟ ಅರಣ್ಯದಿಂದ ಕಾಯಿ ತರುವ ಮೊದಲು ಅರಣ್ಯ ಇಲಾಖೆಯವರನ್ನು ವಿಚಾರಿಸಿಕೊಳ್ಳುವದು ಒಳ್ಳೇದು. ದೋಟಿಯಿಂದ ಕಿತ್ತು, ಕೆಳಗೆ ಬಟ್ಟೆ ಹಿಡಿದು ತಂದ ಕಾಯಿಗೆ ಪೆಟ್ಟೂ ಬೀಳುವದಿಲ್ಲ. ಪೆಟ್ಟು ಬಿದ್ದದ್ದೇ ಭರಣಿಯಲ್ಲಿ ಮೊದಲು ಮೆತ್ತಗಾಗುವಂಥಾದ್ದು. ಹೆಚ್ಚಾದದ್ದನ್ನು ಸಂತೆಯಲ್ಲಿ ಮಾರಬೇಕೆಂದಿರುವ ಮನೆಗಳವರು ಆಹಾರ ಸುರಕ್ಷತೆಯ ಕಾಯಿದೆಯಂತೆ ಮೊದಲು ಹೆಸರನ್ನು ನೊಂದಾಯಿಸಿಕೊಳ್ಳಬೇಕು.

ಹದವಾದ ಕಾಯಿಯ ಉಪಯೋಗಗಳು ಅಡಿಗೆ ಬಲ್ಲವರಿಗೆ ತಿಳಿದವೇ. ಬೀಜ ತೆಗೆದು, ಹುರಿದ ಮೆಂತ್ಯ ಸಾಸಿವೆಗಳ ಪುಡಿಯನ್ನೂ ಹಸಿಮೆಣಸಿನಕಾಯನ್ನೂ ಸೇರಿಸಿ ಕುಟ್ಟಿ, ಇಂಗಿನ ಒಗ್ಗರಣೆ ಕೊಟ್ಟರೆ ತೊಕ್ಕು. ಕಾಯಿತುರಿಯೊಂದಿಗೆ ರುಬ್ಬಿ ಮೊಸರಿಗೆ ಹಾಕಿದರೆ ತಂಬುಳಿ. ಎರಡಕ್ಕೂ ಬೇರೆ ಉಪ್ಪು ಬೇಡ. ಭರಣಿಗೆ ಕೈ ಹಾಕದೆ ಒಣಗಿದ ಮರದ ಸೌಟಿನಿಂದಲೇ ತೆಗೆಯಿರಿ. ತೆಗೆದ ಮೇಲೆ ಕಲ್ಲನ್ನು ಪುನಃ ಇಟ್ಟು ಮಿಕ್ಕ ಕಾಯಿ ಮುಳುಗಿದೆಯೋ ಎಂದು ನೋಡಿರಿ. ನೀರು ಕಡಿಮೆಯಾಗಿದ್ದರೆ ಬರೀ ನೀರನ್ನು ಹೊಯ್ಯದೆ, ಒಂದು ಲೀಟರಿಗೆ ೧೦೦ ಗ್ರಾಂ ಉಪ್ಪಿನಂತೆ ಕುದಿಸಿ ತಣಿಸಿದ ನೀರನ್ನು ಹೊಯ್ಯತಕ್ಕದ್ದು. ಕಾಯಿ ಈಗಾಗಲೇ ತನ್ನ ಪಾಲಿನ ಉಪ್ಪನ್ನು ಹೀರಿಕೊಂಡಿರುವದರಿಂದ ಈ ಸಾರಿ ನೀರಿನ ಲೆಕ್ಕವೊಂದೇ ಸಾಕು.